ಶೆಟ್ಟರು ಬರೆಯಬೇಕಿದ್ದ ಪತ್ರ

ಧಣಿ ಕೊಡಬೇಕಾದ ಶಿಫಾರಸು ಪತ್ರವನ್ನು ನೌಕರನೇ ಬರೆದುಕೊಳ್ಳುವುದು ನಮ್ಮೂರಿನ ಹಳೆಯ ಪದ್ಧತಿ. ಧಣಿಗೆ ಪುರುಸೊತ್ತಿಲ್ಲ, ನೌಕರನಿಗೆ ಬೇರೆ ಗತಿಯಿಲ್ಲ. ಅತ್ತಾವರದ ಜಯಪಾಲ ಶೆಟ್ಟರ ಹೋಟೆಲಿನ ಮ್ಯಾನೇಜರ್ ವಿನೀತನೂ ಹಾಗೆಯೇ ಮಾಡಿದ.

ಅವನು ಅಮೆರಿಕದ ಬಿಸಿನೆಸ್ ಸ್ಕೂಲೊಂದಕ್ಕೆ ಅರ್ಜಿ ಹಾಕಿದ್ದ. ಪರೀಕ್ಷೆಯ ಅಂಕ ಭರ್ಜರಿಯಾಗಿ ಬಂದಿತ್ತು. ಬಾಕಿ ಉಳಿದದ್ದು ಧಣಿಯ ಪತ್ರವೊಂದೇ. ಅದಕ್ಕೆ ಇವತ್ತೇ ಕೊನೆಯ ದಿನ.

"ಚಾನ್ಸ್ ಎಷ್ಟುಂಟು?" ರಿಸೆಪ್ಶನಿನ ಜೆಸ್ಸಿ ಕೇಳಿದಳು.

"ನೂರಕ್ಕೆ ತೊಂಬತ್ತು. ಉಳಿದ ಹತ್ತು ಈ ಪತ್ರದಲ್ಲಿ ಉಂಟು."

ಪತ್ರ ಓದಿದರೆ ದೇವರೇ ಮ್ಯಾನೇಜರ್ ಆಗಿ ಅವತರಿಸಿದ ಹಾಗಿತ್ತು. 'ಇವನಿಲ್ಲದೆ ನಮ್ಮ ಹೋಟೆಲ್ ಒಂದು ದಿನವೂ ನಡೆಯದು' ಎಂಬ ಸಾಲು ಸ್ಟೋರಿನ ಆಶಿಕನ ಕೊಡುಗೆ. ಕೇಳದೆ ಸಲಹೆ ಕೊಡುವುದು ಅವನ ಮುಖ್ಯ ಉದ್ಯೋಗ, ಸ್ಟೋರು ನೋಡುವುದು ಉಪಕಸುಬು.

ಶೆಟ್ಟರು ಪತ್ರವನ್ನು ಎರಡು ಸಲ ಓದಿ, ವಿನೀತನನ್ನು ಹೊಸಬನನ್ನು ನೋಡುವಂತೆ ನೋಡಿದರು.

"ನೀನು ಇಷ್ಟು ಒಳ್ಳೆಯ ಜನ ಅಂತ ನನಗೆ ಗೊತ್ತೇ ಇರ್ಲಿಲ್ಲ. ನೀನಿಲ್ಲದೆ ಹೋಟೆಲ್ ನಡೆಯುದಿಲ್ಲ ಅಂತ ನಾನೇ ಬರೆದುಕೊಟ್ಟು, ಮತ್ತೆ ನಾನೇ ನಿನ್ನನ್ನು ಕಳಿಸುದಾ? ಅಮೆರಿಕ ಎಲ್ಲ ಬೇಡ ಮಾರಾಯ. ಇಲ್ಲೇ ಇರು."

"ಆಯ್ತು ಶೆಟ್ರೇ," ಎಂದ ವಿನೀತ. ಹೊರಗೆ ಬಂದು ನಡೆದದ್ದನ್ನೆಲ್ಲ ಹೇಳಿದ.

"ಆಯ್ತು ಅಂತ ಯಾಕೆ ಹೇಳಿದ್ದು?" ಜೆಸ್ಸಿ ಬೈದಳು.

"ಮತ್ತೆಂತ ಹೇಳುದು? ಧಣಿ ಅಲ್ವಾ?"

"ನೀನು ದಂಡಪಿಂಡ ಅಂತ ಬರಿ," ಎಂದ ಆಶಿಕ್. "ಶೆಟ್ರು ಖುಷಿಯಲ್ಲಿ ಕಳಿಸ್ತಾರೆ."

"ಶೆಟ್ರು ಕಳಿಸ್ತಾರೆ, ಅಮೆರಿಕದವರು ತೆಗೊಳ್ಳುದಿಲ್ಲ."

ಅಮೆರಿಕಕ್ಕೆ ಜಾಣನಾಗಿ, ಶೆಟ್ಟರಿಗೆ ದಡ್ಡನಾಗಿ ಕಾಣುವ ಪತ್ರ ಬರೆಯಲು ಮಧ್ಯಾಹ್ನದವರೆಗೆ ಮೂವರೂ ಹೆಣಗಿದರು. ಗಿರಾಕಿಗಳು ಕೀ ಸಿಗದೆ ಕೌಂಟರ್ ಬಡಿಯುತ್ತಿದ್ದರು. ಕೊನೆಗೆ ದಾರಿ ತೋರಿಸಿದ್ದು ಜೆಸ್ಸಿ.

"ಬಜಪೆಯಲ್ಲಿ, ಏರ್‌ಪೋರ್ಟ್ ಹತ್ತಿರ ಇನ್ನೊಂದು ಹೋಟೆಲ್ ಮಾಡುವ ಆಸೆ ಉಂಟಲ್ಲ ಶೆಟ್ರಿಗೆ? ಕಲಿತು ಬಂದು ಅದನ್ನು ಇವನೇ ನಡೆಸ್ತಾನೆ ಅಂತ ಹಾಕು."

ಹೊಸ ಪತ್ರ ಓದಿದ ಶೆಟ್ಟರ ಮುಖ ಊರಗಲವಾಯಿತು. "ಅಮೆರಿಕ ರಿಟರ್ನ್ ಮ್ಯಾನೇಜರ್ ಅಂತ ಬೋರ್ಡಿನಲ್ಲೇ ಹಾಕ್ಬಹುದು. ಹೋಗಿ ಬಾ."

ವಿನೀತ ಲ್ಯಾಪ್‌ಟಾಪಿನಲ್ಲಿ ಸ್ಕೂಲಿನ ಫಾರ್ಮ್ ತೆರೆದುಕೊಟ್ಟು, ಪತ್ರವನ್ನು ಎಲ್ಲಿ ಸೇರಿಸಬೇಕೆಂದು ತೋರಿಸಿದ. ಶೆಟ್ಟರು ಅವನನ್ನು ಹೊರಗೆ ಕಳಿಸಿದರು. "ನೀನು ನೋಡ್ಬಾರದಂತೆ. ಇಲ್ಲೇ ಬರೆದುಂಟು."

ಅರ್ಧ ಗಂಟೆ ಒಳಗಿನಿಂದ ಒಂದೇ ಬೆರಳಿನ ಟೈಪಿಂಗ್ ಕೇಳಿತು. ಆಮೇಲೆ ಶೆಟ್ಟರು, "ಹೋಯ್ತು" ಎಂದು ಕೂಗಿದರು. ಆಶಿಕ್ ಮೂರು ಗಡ್‌ಬಡ್ ಐಸ್‌ಕ್ರೀಮ್ ತರಿಸಿಯೇಬಿಟ್ಟ. ವಿನೀತನ ಲೆಕ್ಕದಲ್ಲಿ ಈಗ ನೂರಕ್ಕೆ ನೂರು. ಅವನು ಐಸ್‌ಕ್ರೀಮಿಗೆ ಚಮಚ ಹಾಕಿದ.

"ನಿನ್ನ ಪತ್ರದಲ್ಲಿ ಇಲ್ಲದ ಒಂದು ಪ್ರಶ್ನೆ ಫಾರ್ಮಿನಲ್ಲಿ ಇತ್ತು," ಎಂದರು ಶೆಟ್ಟರು. "ನೀವು ಇವನಿಗೆ ಕೊಟ್ಟ ಮುಖ್ಯ ಬುದ್ಧಿಮಾತು ಯಾವುದು, ಅದನ್ನು ಇವನು ಹೇಗೆ ತೆಗೊಂಡ ಅಂತ. ಅದಕ್ಕೆ ನಾನೇ ಬರೆದೆ."

ವಿನೀತನ ಚಮಚ ಅರ್ಧ ದಾರಿಯಲ್ಲಿ ನಿಂತಿತು. "ಎಂತ ಬರೆದ್ರಿ?"

"ಸುಳ್ಳು ಬರೀಲಿಕ್ಕೆ ಆಗ್ತದಾ? ಬೆಳಿಗ್ಗೆ ನಡೆದದ್ದೇ ಬರೆದೆ. ಅಮೆರಿಕಕ್ಕೆ ಹೋಗ್ಬೇಡ ಅಂತ ಬುದ್ಧಿ ಹೇಳಿದೆ, ಒಂದು ಮಾತೂ ಎದುರಾಡದೆ ಒಪ್ಪಿದ ಅಂತ." ಶೆಟ್ಟರು ಅಭಿಮಾನದಿಂದ ಅವನ ಬೆನ್ನು ತಟ್ಟಿದರು. "ಇಷ್ಟು ಮಾತು ಕೇಳುವ ಹುಡುಗ ಅವರಿಗೆ ಬೇರೆ ಎಲ್ಲಿ ಸಿಗ್ತಾನೆ?"