ಬಾಗಿಲ ಬಲಗಡೆಯ ದೀಪ

ಪರ್ಜಿಮಾನ್ ದೀಪ ಆರಿಸಿದ್ದು ಎಣ್ಣೆ ಕಮಟಿನ ವಾಸನೆ ತಡೆಯಲಾರದೆ, ಅಷ್ಟೆ. ಅಷ್ಟಕ್ಕೇ ಇಡೀ ಓಣಿ ಮನೆಯೊಳಗೆ ನುಗ್ಗೀತು ಎಂದು ಆ ಬಡಪಾಯಿಗೆ ಹೇಗೆ ಗೊತ್ತಾಗಬೇಕು?

ಬೆಳಗಿನ ಬಸ್ಸಿಗೆ ಜಾವಾದ ಸೆಮಾರಾಂಗ್ ಪಟ್ಟಣದಿಂದ ಸೋಲೋ ಊರಿಗೆ ಬಂದಿದ್ದ. ದೊಡ್ಡಮ್ಮ ಸುಮಿರಾ ತೀರಿಕೊಂಡು ನೂರನೇ ದಿನದ ಪ್ರಾರ್ಥನೆಯೂ ಮುಗಿದಿತ್ತು. ಮದುವೆ ಗಿದುವೆ ಅಂತ ಮಾಡಿಕೊಳ್ಳದೆ, ಬಟ್ಟೆಯ ಮೇಲೆ ಮೇಣದಲ್ಲಿ ಬಾತಿಕ್ ಚಿತ್ತಾರ ಬರೆದೇ ಕಣ್ಣು ಮಂಜು ಮಾಡಿಕೊಂಡ ಆಕೆ ಮನೆಯನ್ನು ತಂಗಿಯ ಮಗನಾದ ಇವನಿಗೆ ಬಿಟ್ಟುಹೋಗಿದ್ದಳು. ಸಂಜೆ ಕೊಳ್ಳುವವನು ಬರುತ್ತಾನೆ, ಬೀಗದ ಕೈ ಕೊಟ್ಟು ಕೊನೆ ಬಸ್ಸು ಹಿಡಿದರೆ ಆಯಿತು ಎಂದು ಇವನ ಲೆಕ್ಕಾಚಾರ. ಉಗ್ರಾಣದ ಗುಮಾಸ್ತ. ಕಿವಿಯ ಮೇಲೆ ಪೆನ್ಸಿಲ್ ಇಲ್ಲದಿದ್ದರೆ ಮೈಮೇಲೆ ಅಂಗಿ ಇಲ್ಲದವನ ಹಾಗೆ ಒದ್ದಾಡುತ್ತಿದ್ದ.

ಪಕ್ಕದ ಮನೆಯ ತಿನುಕ್ ಸೋಯಾಕಾಳಿನ ಬಿಲ್ಲೆಗಳಾದ ತೆಂಪೆ ಕರಿದು ತುಂಬಿದ ತಟ್ಟೆ ಹಿಡಿದು ಬಂದವಳು ಮಲಗುವ ಕೋಣೆಗೆ ಇಣುಕಿದಳು. ತಟ್ಟೆ ಕೈಯಿಂದ ಜಾರಿತು.

"ಆರಿಸಿಬಿಟ್ಯೇನಪ್ಪಾ? ನಾನು ಈ ಓಣಿಗೆ ಬಂದ ದಿನದಿಂದ ನೋಡ್ತಿದೀನಿ, ಒಂದು ಸಂಜೆ ಆರಿದ್ದಿಲ್ಲ. ಪರ್ಜಿಮಾನ್ ಬಂದು ಉಳ್ಕೊಳ್ಳೋ ತನಕ ನೋಡ್ಕೋ ಅಂತ ನನ್ನ ಕೈ ಹಿಡ್ಕೊಂಡು ಹೇಳಿ ಕಣ್ಮುಚ್ಚಿದ್ಲು ನಿನ್ನ ದೊಡ್ಡಮ್ಮ."

"ಬಂದೆನಲ್ಲ," ಎಂದ ಪರ್ಜಿಮಾನ್, ನೆಲದ ಮೇಲೆ ಚೆಲ್ಲಿದ ತೆಂಪೆಯನ್ನೇ ದುಃಖದಿಂದ ನೋಡುತ್ತಾ.

ತಿನುಕ್ ಹೊರಗೆ ಹೋಗಿ ಯಾರಿಗೂ ಹೇಳಲಿಲ್ಲ. ಓಣಿಯ ಮುಖಂಡ ಗುನಾದಿಗೆ ಮಾತ್ರ ಹೇಳಿದಳು. ಮಸೀದಿಯ ಮೈಕಿನಲ್ಲಿ ಕೂಗಿದ್ದರೂ ಸುದ್ದಿ ಇಷ್ಟು ಬೇಗ ಹಬ್ಬುತ್ತಿರಲಿಲ್ಲ. ಗುನಾದಿ ಬಂದ, ಅವನ ಹಿಂದೆ ಅವನ ಹಾರೆ ಬಂತು, ಹಾರೆಯ ಹಿಂದೆ ಓಣಿ ಬಂತು. ಒಂಟಿ ಹೆಂಗಸು, ಕೋಣೆಯ ಬಾಗಿಲ ಬಲಗಡೆ ನೆಲದ ಮೇಲೆ ಯಾವಾಗಲೂ ಉರಿಯುವ ದೀಪ, ಇನ್ನೇನಿರುತ್ತದೆ? ಡಚ್ಚರ ಕಾಲದ ಚಿನ್ನ. ದೀಪ ಆರಿದ್ದರಿಂದ ಕಾವಲಿನ ಭೂತ ಎದ್ದಿರುತ್ತದೆ, ಸಂಜೆಯೊಳಗೆ ತೆಗೆಯದಿದ್ದರೆ ಚಿನ್ನ ಇದ್ದಿಲಾಗುತ್ತದೆ ಎಂದು ಗುನಾದಿ ಎದೆ ತಟ್ಟಿ ಹೇಳಿದ. ಮನೆ ಕೈಬಿಟ್ಟ ಮೇಲೆ ಅದು ಕೊಂಡವನ ಪಾಲು ಎಂದೂ ಮೆಲ್ಲಗೆ ಸೇರಿಸಿದ.

ಪರ್ಜಿಮಾನ್ ಕೊಳ್ಳುವವನು ಬರಲು ಇನ್ನೆಷ್ಟು ಹೊತ್ತಿದೆ ಎಂದು ಲೆಕ್ಕ ಹಾಕಿದ. ಅವನಿಗೆ ದೊಡ್ಡಮ್ಮನ ಮೇಲೆ ಹಳೆಯ ಮುನಿಸಿತ್ತು. ಹಬ್ಬ ಮುಗಿದ ಮೇಲೆ ವರ್ಷಕ್ಕೊಮ್ಮೆ ಬಂದರೆ ತಟ್ಟೆಗೆ ಬಡಿಸುತ್ತಲೇ ಇರುವಳು, ಮುಖವನ್ನೇ ನೋಡುತ್ತಾ ಕೂರುವಳು, ಹೊರಡುವಾಗ ಸೆರಗು ಕಣ್ಣಿಗೆ ಒತ್ತಿಕೊಂಡು, "ಇವತ್ತೊಂದು ರಾತ್ರಿ ಇದ್ದು ಹೋಗೋ," ಎನ್ನುವಳು. ಪ್ರತಿ ಸಲವೂ ಇವನಿಗೆ ಸಂಜೆ ಬಸ್ಸು. ಇಷ್ಟು ಅಂಟಿಕೊಳ್ಳುವವಳು ಚಿನ್ನದ ವಿಷಯ ಮಾತ್ರ ಬಾಯಿ ಬಿಡಲಿಲ್ಲವಲ್ಲ ಎಂದು ಈಗ ಸಂಕಟವಾಯಿತು. ಪ್ಯಾಂಟು ಮಡಚಿ, ದೀಪ ಸರಿಸಿ, ಆ ಜಾಗದಲ್ಲಿ ತೋಡಿದ ಗುಂಡಿಗೆ ಇಳಿದ.

ಗುನಾದಿ ಕಟಕಿಯಾಡದೆ ಬಿಡುವವನೇ? "ಇವತ್ತು ಇಳಿದ್ಯಲ್ಲಪ್ಪ. ಆವತ್ತು ದೊಡ್ಡಮ್ಮನ್ನ ಮಣ್ಣಿಗಿಡುವಾಗ ಗೋರಿಗೆ ಇಳಿ ಅಂದ್ರೆ, 'ನಾನು ಬರೀ ತಂಗಿ ಮಗ, ಹತ್ತಿರದವರು ಇಳೀಲಿ' ಅಂದೆ. ನನ್ನ ಸೊಂಟ ಇನ್ನೂ ನೋಯ್ತಿದೆ."

ಪರ್ಜಿಮಾನ್ ಇನ್ನಷ್ಟು ಜೋರಾಗಿ ಅಗೆದ. ಆ ದಿನ ಅವನ ಪ್ಯಾಂಟು ಹೊಸದಾಗಿತ್ತು, ಅದೇ ನಿಜವಾದ ಕಾರಣ.

ಅಗೆದ ಮಣ್ಣು ಹಾಸಿಗೆಯ ಮೇಲೆ ಬಿತ್ತು. ಸಲಹೆ ಕೊಡುವವರು ಹತ್ತು ಮಂದಿ, ಹಾರೆ ಹಿಡಿದವನು ಒಬ್ಬನೇ. ಯಾರೋ ನೀರಿನ ಹಂಡೆಗೆ ಒರಗಿ ಅದನ್ನು ಉರುಳಿಸಿದರು, ಗುಂಡಿ ಕೆಸರಾಯಿತು. ಮೊಣಕಾಲುದ್ದ ಇಳಿದಾಗ ಹಾರೆ ಠಣ್ ಎಂದಿತು. ಒಂದು ಮಣ್ಣಿನ ಮಡಕೆ, ಬಾಯಿಗೆ ಮುಚ್ಚಳ. ಮುಟ್ಟಲು ಯಾರಿಗೂ ಧೈರ್ಯವಿಲ್ಲ.

ಅಷ್ಟರಲ್ಲಿ ಭೂತ ಶಾಂತಿಗೆಂದು ಗುನಾದಿ ಹೇಳಿಕಳಿಸಿದ್ದ ಕರ್ಸಿ ಅಜ್ಜಿ ಸೈಕಲ್ ರಿಕ್ಷಾದಲ್ಲಿ ಬಂದಿಳಿದಳು. ಆ ಓಣಿಯ ಅರ್ಧ ಜನರ ಹೊಕ್ಕುಳಬಳ್ಳಿ ಕತ್ತರಿಸಿದ ಸೂಲಗಿತ್ತಿ ಅವಳು. ಗುಂಡಿ ನೋಡಿದಳು, ಮಡಕೆ ನೋಡಿದಳು. ಮುಖ ಬಿಳಿಚಿಕೊಂಡಿತು.

"ಇವನೊಬ್ಬ ಇರ್ಲಿ, ಉಳಿದೋರೆಲ್ಲ ಆಚೆ ಹೋಗಿ. ಬಾಗಿಲು ಹಾಕಿ."

ಭೂತದ ಹೆಸರೆತ್ತಬೇಕಾಗಲೇ ಇಲ್ಲ. ಮೊದಲು ಓಡಿದವನು ಗುನಾದಿ.

ಪರ್ಜಿಮಾನ್ ಮುಚ್ಚಳ ತೆಗೆದ. ಒಳಗೆ ಕಪ್ಪು ಮಣ್ಣು, ತುಕ್ಕು ಹಿಡಿದ ಸೂಜಿ, ಒಂದು ಮೋಟು ಪೆನ್ಸಿಲ್. ಅಭ್ಯಾಸಬಲದಿಂದ ಪೆನ್ಸಿಲನ್ನು ಎತ್ತಿ ಕಿವಿಯ ಮೇಲಿಟ್ಟುಕೊಂಡ. ಆಮೇಲೆ ಬುದ್ಧಿಗೆ ಹೊಳೆಯಿತು. ಅವನೂ ಜಾವಾದವನೇ ತಾನೆ. ಮಗು ಹುಟ್ಟಿದಾಗ ಅದರ ಮಾಸನ್ನು ಮಡಕೆಯಲ್ಲಿಟ್ಟು, ವಿದ್ಯೆ ಬರಲೆಂದು ಪೆನ್ಸಿಲನ್ನೂ ಜೊತೆಗಿಟ್ಟು, ಗಂಡಾದರೆ ಬಾಗಿಲ ಬಲಕ್ಕೆ, ಹೆಣ್ಣಾದರೆ ಎಡಕ್ಕೆ ಹೂಳಿ ಕೆಲವು ದಿನ ದೀಪ ಹಚ್ಚುತ್ತಾರೆ. ಹೊರಬಾಗಿಲಿನ ಹತ್ತಿರ, ನಾಲ್ಕು ಜನ ನೋಡುವ ಹಾಗೆ. ಇದು ಮಲಗುವ ಕೋಣೆಯೊಳಗೆ, ಯಾರಿಗೂ ಕಾಣದ ಹಾಗೆ ಹೂತದ್ದು.

"ದೊಡ್ಡಮ್ಮನಿಗೆ ಮಗ ಇದ್ನಾ ಅಜ್ಜಿ?" ಎಂದ. ಮರುಕ್ಷಣವೇ ಇನ್ನೊಂದು ಭಯ ಹೊಕ್ಕಿತು. "ಬದುಕಿದಾನಾ? ಮನೆ ಕೇಳ್ಕೊಂಡು ಬಂದುಬಿಟ್ರೆ?"

ಅಜ್ಜಿ ಹಾಸಿಗೆಯ ಮೇಲಿನ ಮಣ್ಣನ್ನು ಕೈಯಿಂದ ಸರಿಸಿ ಕೂತಳು.

"ಬರ್ತಿದ್ದ. ವರ್ಷಕ್ಕೊಂದ್ಸಲ. ಸಂಜೆ ಬಸ್ಸಿಗೆ ಹೊರಟುಹೋಗ್ತಿದ್ದ."

ಪರ್ಜಿಮಾನ್ ಗುಂಡಿಯಲ್ಲಿ ನಿಂತೇ ಇದ್ದ.

"ತಂಗಿಗೆ ಮಕ್ಕಳಿರ್ಲಿಲ್ಲ, ಇವಳಿಗೆ ಗಂಡ ಇರ್ಲಿಲ್ಲ," ಎಂದಳು ಅಜ್ಜಿ. "ಬಟ್ಟೇಲಿ ಸುತ್ತಿ ಕೊಟ್ಟದ್ದು ನಾನೇ. ಮಗು ಹೋಯ್ತಲ್ಲ, ಇನ್ನು ದೀಪ ಆರಿಸು ಅಂದೆ. ಕೇಳ್ಲಿಲ್ಲ. ಅವನು ಒಂದು ರಾತ್ರಿ ಇಲ್ಲಿ ಉಳ್ಕೊಂಡ ದಿನ ಹೇಳ್ತೀನಿ, ಆಮೇಲೆ ಆರಿಸ್ತೀನಿ ಅಂತಿದ್ಲು."

ಅವನಿಗೆ ಗೋರಿಯ ಅಂಚು ನೆನಪಾಯಿತು. ಹೆತ್ತವಳನ್ನು ಕೈಯಾರೆ ಇಳಿಸಿಕೊಂಡು, ಕಿವಿಯ ಬಳಿ ಪ್ರಾರ್ಥನೆ ಹೇಳಬೇಕಾದವನು ಮಗ. ಆ ಹೊತ್ತಿಗೆ ಅವನು ಪ್ಯಾಂಟಿಗೆ ಮಣ್ಣು ತಾಗದ ಹಾಗೆ ಎರಡು ಹೆಜ್ಜೆ ಹಿಂದೆ ನಿಂತಿದ್ದ. ಸೊಂಟ ನೋಯಿಸಿಕೊಂಡವನು ಗುನಾದಿ.

ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮಡಕೆಗೆ ಹಾಕಿದ. ಮುಚ್ಚಳವಿಟ್ಟು ಎರಡೂ ಕೈಯಿಂದ ಮಣ್ಣು ಎಳೆದ. ಅಜ್ಜಿ ದೀಪಕ್ಕೆ ಎಣ್ಣೆ ಹೊಯ್ದು ಬೆಂಕಿಪೆಟ್ಟಿಗೆ ಕೊಟ್ಟಳು. ಮೂರು ಕಡ್ಡಿ ದಂಡವಾದವು, ನಾಲ್ಕನೆಯದಕ್ಕೆ ದೀಪ ಹೊತ್ತಿತು.

ಕೊಳ್ಳುವವನು ಬಂದಾಗ ಪರ್ಜಿಮಾನ್ ಕಿಟಕಿಯಿಂದಲೇ, ಮನೆ ಮಾರುವುದಿಲ್ಲ, ತಪ್ಪಾಯಿತು ಎಂದು ಹೇಳಿ ಕಳಿಸಿದ. ಕೊನೆ ಬಸ್ಸಿನ ಹೊತ್ತೂ ಮೀರಿತು. ತಿನುಕ್ ಬಾಗಿಲಾಚೆಯಿಂದ, ಊಟ ತರಲಾ, ಇಲ್ಲೇ ಮಲಗ್ತೀಯಾ ಎಂದು ಕೇಳಿದಳು.

"ಈ ರಾತ್ರಿ ಇದ್ದು ಹೋಗ್ತೀನಿ," ಎಂದ. ಎಂದವನು ಹಾಸಿಗೆಯ ಅಂಚಿಗೆ ತಲೆಯಿಟ್ಟು ಚಿಕ್ಕ ಮಗುವಿನ ಹಾಗೆ ಗೋಳೋ ಎಂದು ಅತ್ತ.

ಗೋಡೆಗೆ ಕಿವಿ ಹಚ್ಚಿದ್ದ ಗುನಾದಿ ಸೊಂಟ ಹಿಡಿದುಕೊಂಡು ಎದ್ದು, ಓಣಿಯವರ ಕಡೆ ತಿರುಗಿ ತಲೆಯಾಡಿಸಿದ.

"ಮನೆ ಮಾರಲ್ವಂತೆ. ದೀಪಾನೂ ಹಚ್ಚಿದಾನೆ. ಈ ಪಾಟಿ ಅಳ್ತಿದಾನೆ ಅಂದ್ರೆ, ಬಹಳ ಸಿಕ್ಕಿರ್ಬೇಕು."