ನಲವತ್ತಮೂರನೇ ನಂಬರಿನ ನಮ್ಮ ಕಾಕಾ

ಕಾಲೇಜಿನ ವಿಷಯದಲ್ಲಿ ನಮ್ಮ ಕಾಕಾನಷ್ಟು ತಿಳಿದವರು ಇಡೀ ಖಾನಾಪುರ ತಾಲೂಕಿನಲ್ಲೇ ಇರಲಿಲ್ಲ. ಅವರು ಸ್ವತಃ ಕಾಲೇಜಿಗೆ ಹೋಗಿದ್ದು ಬರೇ ಐದು ತಿಂಗಳು! ಆದರೇನಾಯಿತು? ಪೂರಾ ಓದಿ ಡಿಗ್ರಿ ತಂದವರು ನಮ್ಮೂರಲ್ಲಿ ನಾಲ್ಕಾರು ಮಂದಿ ಇದ್ದರು, ಅವರನ್ನು ಯಾರೂ ಒಂದು ಮಾತು ಕೇಳುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಪಾಸಾದ ಹುಡುಗರೆಲ್ಲ ನಮ್ಮ ಮನೆಯ ಕಟ್ಟೆಗೇ ಬರಬೇಕು. ನಂದಗಡದಿಂದ ಕೂಡ ಸೈಕಲ್ ಮೇಲೆ ಡಬಲ್ ಸೀಟ್ ಬರುತ್ತಿದ್ದರು. ಫೇಲಾದವರೂ ಕೆಲವರು ಬರುತ್ತಿದ್ದರು, ಯಾಕೆಂದರೆ ನಮ್ಮ ಕಾಕು ಬಂದವರಿಗೆಲ್ಲ ಅವಲಕ್ಕಿ ಕೊಡುತ್ತಿದ್ದಳು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ, ಕಾಕು ಅವರ ಹೆಂಡತಿ. ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಭಟ್ಟಿಯಿಂದ ಬಂದ ಹಂಚನ್ನು ಬೆರಳಿನಿಂದ ತಟ್ಟಿ, ಸರಿಯಾಗಿ ಬೆಂದಿದೆಯೋ ಇಲ್ಲವೋ ಎಂದು ಹೇಳುವುದು ಅವರ ಕೆಲಸ. ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಕಟ್ಟೆಯ ಮೇಲೆ ಕೂತರೆಂದರೆ ಉಪದೇಶ ಶುರು. ಮೊದಲನೇ ಬೆಂಚಿನಲ್ಲಿ ಕೂತರೆ ಸರ್ ಪ್ರಶ್ನೆ ಕೇಳುತ್ತಾರೆ, ಕೊನೇ ಬೆಂಚಿನಲ್ಲಿ ಕೂತರೆ ಪ್ರಶ್ನೆಯನ್ನೂ ಕೇಳದೆ ಹೊರಗೆ ಹಾಕುತ್ತಾರೆ, ಆದ್ದರಿಂದ ಮೂರನೇ ಬೆಂಚು, ಅದೂ ಕಿಟಕಿಯ ಬಾಜು. ಜೇಬಿನಲ್ಲಿ ಎರಡು ಪೆನ್ನು ಇರಬೇಕು, ಒಂದು ಬರೆಯುವುದಕ್ಕೆ, ಇನ್ನೊಂದು ಯಾರಾದರೂ ಕೇಳಿದರೆ ಕೊಡುವುದಕ್ಕೆ. ಕೊಡುವ ಪೆನ್ನಿನಲ್ಲಿ ಶಾಯಿ ಇರಬಾರದು. ಡಬ್ಬಿಯಲ್ಲಿ ಕಟಕ ರೊಟ್ಟಿ ಒಯ್ಯಬಾರದು, ಕಡಿದರೆ ಸಪ್ಪಳವಾಗುತ್ತದೆ. ಮೆತ್ತನೆಯ ರೊಟ್ಟಿಯಾದರೆ ಇತಿಹಾಸದ ಪಾಠದಲ್ಲಿ ಕೂತೇ ಮುಗಿಸಬಹುದು!

ಇವೆಲ್ಲಕ್ಕಿಂತ ದೊಡ್ಡ ನಿಯಮ ಒಂದಿತ್ತು. ತಡವಾದರೆ ಕ್ಲಾಸಿನ ಒಳಗೆ ಕಾಲಿಡಬಾರದು. ಕಾಲಿಟ್ಟರೆ ಅರವತ್ತು ಮಂದಿ ಒಮ್ಮೆಲೇ ತಿರುಗಿ ನೋಡುತ್ತಾರೆ, ಆಗ ಸರ್ ಏನಾದರೂ ಅಂದರೆ ಅದೇ ಅಡ್ಡಹೆಸರಾಗಿ ಕಾಲೇಜು ಮುಗಿಯುವತನಕ ಬೆನ್ನು ಹತ್ತುತ್ತದೆ. ಮರ್ಯಾದೆಯಿಂದ ಹೊರಗೆ ನಿಂತು, ಮುಂದಿನ ಪಾಠಕ್ಕೆ ಹೋಗಬೇಕು. ಹುಡುಗರು ಗೋಣು ಹಾಕುತ್ತಿದ್ದರು. ನಾನು ಬಾಗಿಲ ಮರೆಯಲ್ಲಿ ಕೂತು ಎಲ್ಲವನ್ನೂ ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ.

ಐದೇ ತಿಂಗಳಲ್ಲಿ ಕಾಕಾ ಕಾಲೇಜನ್ನು ಹೇಗೆ ಮುಗಿಸಿದರು ಎಂಬುದು ನಮ್ಮ ಮನೆತನದ ದೊಡ್ಡ ನಗೆಯ ಕತೆ. ಯಾವ ಮದುವೆಯಿರಲಿ, ಊಟದ ಪಂಕ್ತಿಯಲ್ಲಿ ಅಪ್ಪ ಅದನ್ನು ಹೇಳಲೇಬೇಕು. ಎಲ್ಲರಿಗಿಂತ ಜೋರಾಗಿ ನಗುವವರು ಕಾಕಾನೇ. ಅಪ್ಪ ಏನಾದರೂ ಬಿಟ್ಟರೆ ಅದನ್ನು ತಾವೇ ಸೇರಿಸುತ್ತಿದ್ದರು.

ಕತೆ ಇಷ್ಟು. ಮ್ಯಾಟ್ರಿಕ್ ಪಾಸಾದ ಕಾಕಾನನ್ನು ನಮ್ಮಜ್ಜ ಬೆಳಗಾವಿಗೆ ಕಳಿಸಿದರು. ವಡಗಾವಿಯಲ್ಲಿ ಪರಿಚಯದ ನೇಕಾರರ ಮನೆಯಲ್ಲಿ ವಸತಿ. ಮಗ್ಗದ ಸಪ್ಪಳದಲ್ಲೇ ಎದ್ದು, ಓದಿ, ಕಾಲೇಜಿಗೆ ನಡೆದು ಹೋಗಬೇಕು. ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಖಾನಾಪುರದ ಸಾಲೆಯಲ್ಲಿ ಮಾಸ್ತರರು ಹಾಜರಿ ಕರೆಯುವಾಗ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಎಲ್ಲ ಸೇರಿಸಿ ಕರೆಯುತ್ತಿದ್ದರು. ಇಲ್ಲಿ ಸರ್ ಬಂದವರೇ ಇಂಗ್ಲಿಷಿನಲ್ಲಿ ಒಂದು, ಎರಡು, ಮೂರು ಎನ್ನುತ್ತ ಹೋದರೆ ಯಾರ‍್ಯಾರೋ 'ಪ್ರೆಸೆಂಟ್ ಸರ್' ಎನ್ನುತ್ತಿದ್ದರು. ತನಗೂ ಒಂದು ನಂಬರ್ ಇದೆ, ಅದು ಫೀ ರಸೀದಿಯ ಮೂಲೆಯಲ್ಲಿ ಬರೆದಿದೆ ಎಂದು ಕಾಕಾನಿಗೆ ಹೇಳುವವರಾರು? ತನ್ನ ಹೆಸರು ಕರೆದಾಗ ಎದ್ದು ನಿಂತರಾಯಿತು ಎಂದು ಮೂರನೇ ಬೆಂಚಿನಲ್ಲಿ ಕಾಯುತ್ತ ಕೂತರು.

ಮಜಾ ಇರುವುದು ಮುಂದೆ. ದಿನಾಲೂ ನಲವತ್ತಮೂರು ಎಂದಾಗ ಯಾರೂ ಓಗೊಡುತ್ತಿರಲಿಲ್ಲ. ಸರ್ ಒಂದು ಕ್ಷಣ ಕಾದು ಮುಂದೆ ಹೋಗುತ್ತಿದ್ದರು. ಕಾಕಾನಿಗೆ ಆ ನಲವತ್ತಮೂರನೆಯವನ ಮೇಲೆ ಸಿಟ್ಟು ಬರತೊಡಗಿತು. ವಡಗಾವಿಯ ಮನೆಯಲ್ಲಿ ಊಟಕ್ಕೆ ಕೂತಾಗ ಹೇಳುತ್ತಿದ್ದರಂತೆ, "ಎಂಥಾ ಉಡಾಳ ಇದ್ದಾನ್ರೀ ಅವ! ಅಪ್ಪ ಅಲ್ಲಿ ದುಡದು ಸಾಯಾಕತ್ತಿರತಾನ, ಇವ ಒಂದ ದಿನಾನೂ ಕ್ಲಾಸಿಗೆ ಬರವಲ್ಲ."

ಐದು ತಿಂಗಳಾದ ಮೇಲೆ ಹಾಜರಿ ಕಡಿಮೆ ಬಿದ್ದವರ ಪಟ್ಟಿ ಬೋರ್ಡಿಗೆ ಬಂತು. ಆ ಉಡಾಳ ಯಾರೆಂದು ಕೊನೆಗೂ ತಿಳಿಯುತ್ತದೆಂದು ಕಾಕಾ ಎಲ್ಲರಿಗಿಂತ ಮುಂದೆ ನುಗ್ಗಿ ನೋಡಿದರು. ನಲವತ್ತಮೂರರ ಮುಂದೆ ಅವರದೇ ಹೆಸರು, ಅದರ ಮುಂದೆ ಸೊನ್ನೆ! ಪರೀಕ್ಷೆಗೆ ಕೂಡುವಂತಿಲ್ಲ. ಮನೆಗೆ ಬಂದು ದಿನಾಲೂ ಕ್ಲಾಸಿನಲ್ಲೇ ಕೂತಿದ್ದೆ ಎಂದರೆ ಅಜ್ಜ ನಂಬಬೇಕಲ್ಲ? ಐದು ತಿಂಗಳು ಸಿನಿಮಾ ನೋಡಿಕೊಂಡು ತಿರುಗಿದ್ದಾನೆ ಎಂದು ಮರುದಿನವೇ ಹಂಚಿನ ಕಾರ್ಖಾನೆಯ ಕೆಲಸಕ್ಕೆ ಹಚ್ಚಿದರು. ಇಷ್ಟು ಹೇಳುವಷ್ಟರಲ್ಲಿ ಪಂಕ್ತಿಯಲ್ಲಿ ಕೂತವರ ಬಾಯಿಂದ ಅನ್ನ ಹೊರಗೆ ಬರುತ್ತಿತ್ತು.

ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ. ನಮ್ಮ ಮನೆಯಿಂದ ಕಾಲೇಜಿಗೆ ಹೊರಟ ಮೊದಲ ಹುಡುಗಿ ನಾನು, ಅಂದರೆ ಹೊರಡಬೇಕೆಂದು ಹಟ ಹಿಡಿದವಳು. ಅಪ್ಪನಿಗೆ ಸುತರಾಂ ಮನಸ್ಸಿರಲಿಲ್ಲ. ಧಾರವಾಡದ ಒಬ್ಬ ವರನ ಕಡೆಯವರು ಆಗಲೇ ನನ್ನ ಫೋಟೋ ಕೇಳಿದ್ದರು. ಮೂರು ದಿನ ನಾನು ಅಳುತ್ತ ಕೂತೆ, ಕಾಕು ನನ್ನ ಪರ ಗೊಣಗಿದಳು, ಕೊನೆಗೆ ಕಾಕಾ ಅಪ್ಪನ ಮುಂದೆ ಹೋಗಿ ಕೂತು, ಜವಾಬ್ದಾರಿ ನಂದು ಅಣ್ಣಾ, ಎಂದರು. ಅಪ್ಪ ಒಂದು ವರ್ಷದ ಮಟ್ಟಿಗೆ ಒಪ್ಪಿದರು. ನಡುವೆ ಕಾಲೇಜಿನಿಂದ ಏನಾದರೂ ತಕರಾರು ಬಂತೋ, ಅಂದೇ ಧಾರವಾಡಕ್ಕೆ ಕಾಗದ ಬರೆಯುವುದು ಎಂದರು.

ಸರಿ, ನನ್ನ ತಾಲೀಮು ಶುರುವಾಯಿತು. ಕಾಕಾ ಬಚ್ಚಲಲ್ಲಿ ಸ್ನಾನ ಮಾಡುತ್ತಲೇ ಇಂಗ್ಲಿಷಿನಲ್ಲಿ ಯಾವುದಾದರೂ ನಂಬರ್ ಕೂಗುವುದು, ನಾನು ಎಲ್ಲಿದ್ದರೂ 'ಪ್ರೆಸೆಂಟ್ ಸರ್' ಎನ್ನುವುದು. ಒಂದು ದಿನ ನಾನು ಬಾವಿಗೆ ಹೋಗಿದ್ದೆ, ರೊಟ್ಟಿ ಬಡಿಯುತ್ತಿದ್ದ ಕಾಕು ತಾನೇ 'ಪ್ರೆಸೆಂಟ್ ಸರ್' ಎಂದುಬಿಟ್ಟಳು. ನೋಟ್ಸ್ ಬರೆಯುವ ರೂಢಿಯಾಗಲೆಂದು ಕಾರ್ಖಾನೆಯ ಡೀಸೆಲ್ ಇಂಜಿನ್ನಿನ ಪುಸ್ತಕ ತಂದು ಇಂಗ್ಲಿಷಿನಲ್ಲಿ ಸರಸರ ಓದುತ್ತಿದ್ದರು, ನಾನು ಬರೆಯಬೇಕು. ನನಗೆ ಪಿಯುಸಿಯ ಇತಿಹಾಸ ಈಗ ಪೂರ್ತಿ ಮರೆತಿದೆ, ಇಂಜಿನ್ನಿಗೆ ಆಯಿಲ್ ಎಷ್ಟು ತಾಸಿಗೊಮ್ಮೆ ಬದಲಿಸಬೇಕೆಂಬುದು ಮರೆತಿಲ್ಲ!

ಕಾಲೇಜು ಶುರುವಾಗಲು ಒಂದು ವಾರವಿರುವಾಗ ಬೆಳಗಾವಿಗೆ ಕರೆದುಕೊಂಡು ಹೋದರು. ನಾನು ದಿನಾಲೂ ರೈಲಿನಲ್ಲಿ ಹೋಗಿಬರುವುದೆಂದು ಆಗಿತ್ತು, ಅದಕ್ಕೇ ಸ್ಟೇಷನ್ನಿನಿಂದ ಕಾಲೇಜಿನತನಕ ಗಡಿಯಾರ ಹಿಡಿದು ಎರಡು ಸಲ ನಡೆಸಿದರು, ಒಮ್ಮೆ ಸುಮ್ಮನೆ, ಇನ್ನೊಮ್ಮೆ ಮಳೆಗಾಲದ ಲೆಕ್ಕಕ್ಕೆ ಕೊಡೆ ಬಿಚ್ಚಿಸಿ. ಬಿಸಿಲಲ್ಲಿ ಕೊಡೆ ಹಿಡಿದು, ಇಲ್ಲದ ಕೆಸರು ದಾಟುತ್ತ ಹೊರಟ ನನ್ನನ್ನು ಮಂದಿ ನಿಂತು ನೋಡಿದರು. ಗೇಟಿನಲ್ಲಿದ್ದ ಸಿಪಾಯಿ, ಕಾಲೇಜು ಇನ್ನೂ ತೆರೆದಿಲ್ಲ ಎಂದ. "ಅದಕ್ಕ ಬಂದೀವಿ. ತೆರದ ಮ್ಯಾಲ ಗದ್ದಲ ಇರತದ," ಎಂದರು ಕಾಕಾ. ಸಿಪಾಯಿ ಗೇಟು ತೆಗೆದ.

ಇಷ್ಟು ತಯಾರಿಯಾದ ಮೇಲೆ ನಾನು ಸೋಲುವುದುಂಟೇ? ನನ್ನ ನಂಬರ್ ಹದಿನೇಳು. ಮೊದಲ ದಿನ ನಾನು ಕೂಗಿದ 'ಪ್ರೆಸೆಂಟ್ ಸರ್'ಗೆ ಬೆಚ್ಚಿ ಸರ್ ಕೈಯಲ್ಲಿದ್ದ ಪೆನ್ನು ಬಿಟ್ಟರು. ಆದರೆ ಜುಲೈ ಬಂತು. ಬೆಳಗಾವಿಯ ಮಳೆ ನಿಮಗೆ ಗೊತ್ತಲ್ಲ? ಲೋಂಡಾ ಕಡೆಯಿಂದ ಬರುವ ನಮ್ಮ ಪ್ಯಾಸೆಂಜರ್ ಗಾಡಿ ಕಾಡಿನ ಮಳೆಯಲ್ಲಿ ನಿಂತು ನಿಂತು ಬರತೊಡಗಿತು. ನಾನು ಓಡುತ್ತ ಕಾಲೇಜು ಮುಟ್ಟುವಷ್ಟರಲ್ಲಿ ಮೊದಲನೇ ಪಾಠ ಶುರುವಾಗಿರುತ್ತಿತ್ತು. ಅದು ಇಂಗ್ಲಿಷ್ ಪಾಠ. ಅದೇ ಗಾಡಿಯಲ್ಲಿ ಬಂದ ದೇಸೂರಿನ ಹುಡುಗರು ಬಾಗಿಲಲ್ಲಿ ನಿಂತು, ಕೇಳಿ, ಒಳಗೆ ಹೋಗಿಬಿಡುತ್ತಿದ್ದರು. ಎಂಥ ನಾಚಿಕೆಗೆಟ್ಟವರು ಎಂದುಕೊಳ್ಳುತ್ತ ನಾನು ನಿಯಮದ ಪ್ರಕಾರ ಮರ್ಯಾದೆಯಿಂದ ಕಂಬದ ಬಾಜು ನಿಂತಿರುತ್ತಿದ್ದೆ. ಎಷ್ಟು ದಿನ ನಿಂತೆ? ಮಳೆಗಾಲ ಮುಗಿಯುವತನಕ.

ದೀಪಾವಳಿಗೆ ಮೊದಲು ಪಟ್ಟಿ ಬಂತು. ಅದರಲ್ಲಿ ಹದಿನೇಳು ಇತ್ತು. ಇಂಗ್ಲಿಷಿನಲ್ಲಿ ಹಾಜರಿ ಸಾಲದು, ಪರೀಕ್ಷೆಗೆ ಕೂಡುವಂತಿಲ್ಲ. ಮನೆಗೆ ಬಂದು ಹೇಳಿದೆ. ಅಪ್ಪ ಬಯ್ಯಲಿಲ್ಲ, ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ನಾಳೆಯಿಂದ ಹೋಗಬೇಡ, ಸಾಕು, ಎಂದು ಹೇಳಿ ಕಾಗದ ಪೆನ್ನು ಹುಡುಕಲು ಒಳಗೆ ಹೋದರು. ಕಾಕಾ ನನ್ನನ್ನು ಅಡಿಗೆಮನೆಗೆ ಕರೆದು, ಯಾಕೆ ಹೀಗಾಯಿತೆಂದು ಕೇಳಿದರು. ಕಂಬದ ಬಾಜು ನಿಂತದ್ದನ್ನು ಹೇಳಿದೆ. ಅವರು ಕೂಡಲೇ ಎದ್ದರು. ಹೊರಗೆ ಹೋಗಿ, ಕಾಗದ ಒಂದು ದಿನ ತಡೆಯಿರಿ ಎಂದು ಅಪ್ಪನನ್ನು ಬೇಡಿಕೊಂಡರು. ಆ ರಾತ್ರಿ ಕಾಕಾ ಊಟ ಮಾಡಲಿಲ್ಲ ಎಂದು ಕಾಕು ಹೇಳಿದಳು.

ಬೆಳಿಗ್ಗೆ ಕಾರ್ಖಾನೆಗೆ ರಜೆ ಹಾಕಿ, ಮದುವೆಯ ಕೋಟು ತೊಟ್ಟು, ಬಿಳೀ ಟೊಪ್ಪಿಗೆ ಇಟ್ಟು ನನ್ನ ಜೊತೆ ಗಾಡಿ ಹತ್ತಿದರು. ಪ್ರಿನ್ಸಿಪಾಲರ ಮುಂದೆ ಹೇಗೆ ನಿಲ್ಲಬೇಕು, ಎಲ್ಲಿ ನೋಡಬೇಕು, ಯಾವ ಮಾತಿನಿಂದ ಶುರು ಮಾಡಬೇಕು ಎಂದು ದಾರಿಯುದ್ದಕ್ಕೂ ಹೇಳಿದರು. ನೀ ಬಾಯಿ ಬಿಡಬ್ಯಾಡ, ನಾ ಎಲ್ಲಾ ಮಾತಾಡತೀನಿ, ಎಂದರು. ಇಷ್ಟು ವರ್ಷ ಊರ ಹುಡುಗರಿಗೆಲ್ಲ ಕಲಿಸಿದ ಮನುಷ್ಯ, ನನಗೂ ಧೈರ್ಯ ಬಂತು.

ಒಳಗೆ ಹೋದೆವು. ಪ್ರಿನ್ಸಿಪಾಲರು ಕನ್ನಡಕ ತೆಗೆದು, ಏನು ಬಂದಿರಿ ಎಂದು ಕೇಳಿದರು. ಕಾಕಾ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. ಬಾಯಿ ತೆರೆದರು. ಮಾತು ಬರಲಿಲ್ಲ. ಪ್ರಿನ್ಸಿಪಾಲರು ಮತ್ತೊಮ್ಮೆ ಕೇಳಿದರು. ಕಾಕಾ ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತ ನಿಂತರು. ಖರೇ ಹೇಳುತ್ತೇನೆ, ನನಗೆ ಮೊದಲು ಸಿಟ್ಟೇ ಬಂತು. ಇವರನ್ನು ನಂಬಿ ಬಂದೆನಲ್ಲ! ಧಾರವಾಡದ ವರ ಕಣ್ಣ ಮುಂದೆ ಬಂದ. ನಾನೇ ಬಾಯಿ ಬಿಟ್ಟೆ. ಗಾಡಿ, ಮಳೆ, ಕಂಬ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ಹೊರಗೆ ನಿಂತಿದ್ದೆಯಾ? ನಿಲ್ಲು ಅಂತ ಯಾರು ಹೇಳಿದರು ನಿನಗೆ?" ಎಂದರು ಪ್ರಿನ್ಸಿಪಾಲರು.

ಕಾಕಾ ತಲೆ ತಗ್ಗಿಸಿದರು.

"ಯಾರೂ ಹೇಳಿಲ್ರಿ ಸರ್. ನಾನ ನಿಂತೀನ್ರಿ," ಎಂದೆ.

ಪ್ರಿನ್ಸಿಪಾಲರು ಒಂದು ಅರ್ಜಿ ಬರೆಸಿಕೊಂಡು, ಅದರ ಮೇಲೆ ಏನೋ ಗೀಚಿ, ಸಹಿ ಹಾಕಿದರು. ತಡವಾದರೂ ಒಳಗೆ ಬಾ, ಯಾರೂ ನಿನ್ನನ್ನು ತಿನ್ನುವುದಿಲ್ಲ, ಎಂದರು. ಮುಗಿಯಿತು! ನಾನು ಪರೀಕ್ಷೆಗೆ ಕೂತೆ, ಪಾಸಾದೆ, ಡಿಗ್ರಿ ಕೂಡ ಮುಗಿಸಿದೆ, ಧಾರವಾಡದ ವರ ಬೇರೆಯವರ ಪಾಲಾದ. ಆದರೆ ನಾನು ಹೇಳಬೇಕೆಂದಿದ್ದು ಆ ದಿನ ವಾಪಸು ಬರುವಾಗಿನ ಮಾತು.

ಗಾಡಿ ದೇಸೂರು ದಾಟಿದ ಮೇಲೆ ಕಾಕಾ ಕೇಳಿದರು, "ಬರೇ ಇಷ್ಟ ಏನು? ಒಳಗ ಹೋಗಿ ಹೇಳಿದ್ರ ಆತು?"

"ಹೌದ ಕಾಕಾ, ಅಷ್ಟ."

"ನಾ ಅವತ್ತು ಒಳಗ ಹೋಗಲೇ ಇಲ್ಲ ತಂಗಿ. ಬೋರ್ಡ್ ನೋಡಿ ಸೀದಾ ಸ್ಟೇಷನ್ನಿಗೆ ಬಂದೆ. ಹೋಗಿ ಕೇಳಬಹುದು ಅಂತನ ಗೊತ್ತಿದ್ದಿಲ್ಲ." ಮತ್ತೆ ಕೇಳಿದರು, "ಕೇಳಿದ್ರ ಪರೀಕ್ಷೆಕ್ಕ ಬಿಡತಿದ್ರೇನು ನನಗ?"

ಮದುವೆಯ ಪಂಕ್ತಿಗಳಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕವಳು ನಾನೂ ಹೌದು.

"ಇಲ್ಲ ಕಾಕಾ," ಎಂದೆ. "ಆಗಿನ ಪ್ರಿನ್ಸಿಪಾಲರು ಭಾಳ ಕಡಕ್ ಇದ್ರಂತ. ಯಾರು ಹೋಗಿ ಕೇಳಿದ್ರೂ ಬಿಡತಿದ್ದಿಲ್ಲಂತ. ಆಫೀಸಿನ ಗುಮಾಸ್ತರು ಈಗ ಹೇಳಿದ್ರು."

ಕಾಕಾ ನನ್ನ ಮುಖವನ್ನೇ ನೋಡಿದರು. ಆಮೇಲೆ ಟೊಪ್ಪಿಗೆಯನ್ನು ಸರಿಮಾಡಿ ತಲೆಯ ಮೇಲಿಟ್ಟುಕೊಂಡರು.

"ಹೌದ? ಹಂಗಾರ ಹೋಗದಿದ್ದದ್ದ ಚಲೋ ಆತು ಬಿಡು," ಎಂದರು.

ಗುಮಾಸ್ತರು ಆ ದಿನ ಬಂದೇ ಇರಲಿಲ್ಲ. ಅವರ ಕುರ್ಚಿ ಖಾಲಿ ಇದ್ದದ್ದನ್ನು ನನಗೆ ತೋರಿಸಿದವರೇ ಕಾಕಾ.