ನಾನು ಚಿಗರಿ ಮರಿಯನ್ನು ದತ್ತು ಕೊಟ್ಟದ್ದು

ಮನುಷ್ಯನಿಗೂ ವನ್ಯಮೃಗಕ್ಕೂ ಇರುವ ನಂಟು ಅನಾದಿಯಾದದ್ದು, ಗಹನವಾದದ್ದು. ನನ್ನ ಮಟ್ಟಿಗೆ ಅದು ಶುರುವಾದದ್ದು, “ದಿನಾ ಅಡಿಗಿಮನಿಗೆ ಬಂದು ಡಬ್ಬಿ ತಗದು ನೋಡಬ್ಯಾಡ್ರಿ, ಎಲ್ಯರ ಹೊರಗ ಹೋಗ್ರಿ” ಎಂದು ಹೆಂಡತಿ ಹೇಳಿದ ದಿನ.

ನರಗುಂದದ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾಗಿ, ಗಜೇಂದ್ರಗಡದ ಮನೆಗೆ ಬಂದು ಕೂತಿದ್ದೆ. ಪೇಟೆಯ ಪಾತ್ರೆ-ಭಾಂಡೆ ಅಂಗಡಿಯ ಮಾಳಿಗೆಯ ಮೇಲೆ ವನ್ಯಜೀವಿ ರಕ್ಷಣೆಯ ಸಂಘವೊಂದು ಹೊಸದಾಗಿ ಕಚೇರಿ ತೆರೆದಿತ್ತು. ಹೋಗಿ ಕೇಳಿದೆ. ದೇಣಿಗೆ ಕೂಡಿಸಿ ಸ್ವಯಂಸೇವಕರನ್ನು ಸೇರಿಸುವ ತಂಡಕ್ಕೆ ನನ್ನನ್ನು ‘ಇಂಟರ್ನ್’ ಎಂದು ತೆಗೆದುಕೊಂಡರು. ನನ್ನ ಮೇಲಧಿಕಾರಿ ಸ್ನೇಹಾ, ಹುಬ್ಬಳ್ಳಿಯ ಹುಡುಗಿ. ನನ್ನ ಕಿರಿ ಮಗಳಿಗಿಂತ ಚಿಕ್ಕವಳು.

“ಪಗಾರ ಎಷ್ಟ್ರಿ?” ಹೆಂಡತಿ ಕೇಳಿದಳು.

“ಅನುಭವ.”

“ಈ ವಯಸ್ಸಿನ್ಯಾಗ ಅನುಭವ ತಗೊಂಡು ಎಲ್ಲಿ ಖರ್ಚು ಮಾಡವ್ರು?”

ಮೊದಲ ಸಮರ ರೋಣದ ಸಂತೆಯಲ್ಲಿ. ಕಡಲೆ ಚಿಗುರುವ ಕಾಲ; ಚಿಗರಿಗಳು, ಅಂದರೆ ಕೃಷ್ಣಮೃಗಗಳು, ಹಿಂಡುಹಿಂಡಾಗಿ ಹೊಲಕ್ಕಿಳಿಯುವ ಕಾಲ. ಅಂಥ ಶುಭಮುಹೂರ್ತದಲ್ಲಿ ನಾನು ನಿಂತು, “ಬಂಧುಗಳೇ, ಚಿಗರಿಗಳನ್ನು ಉಳಿಸೋಣ!” ಎಂದೆ.

“ಮಾಸ್ತರ, ಅವು ಉಳದಾವ್ರಿ. ಉಳೀಲಾರದ್ದು ನಮ್ಮ ಕಡ್ಲಿ,” ಎಂದ ಒಬ್ಬ.

ಇನ್ನೊಬ್ಬ ಸ್ವಯಂಸೇವಕನಾಗಲು ಅಲ್ಲೇ ಒಪ್ಪಿದ. “ಎಲ್ಲಾನೂ ಹೊಡಕೊಂಡು ಬಂದು ನಿಮ್ಮ ಆಫೀಸಿಗೆ ಬಿಡ್ತೀನ್ರಿ. ಬಾಗಲಾ ತಗದಿಡ್ರಿ!”

ಸ್ನೇಹಾ ಎದೆಗುಂದಲಿಲ್ಲ. “ಸರ್, ಅಡಾಪ್ಟ್ ಸ್ಕೀಮ್ ಮಾಡೋಣ್ರಿ. ದೇಣಿಗಿ ಕೊಟ್ಟವರಿಗೆ ಒಂದು ಪ್ರಾಣಿ ಫೋಟೋ, ಒಂದು ಪ್ರಮಾಣಪತ್ರ. ಬ್ಯಾನರ್ ಕನ್ನಡದಾಗ ನೀವ ಬರೀರಿ.”

ಬರೆದೆ! ನಾಯಿ ಕಚ್ಚಿ ದನದ ದವಾಖಾನೆ ಸೇರಿದ್ದ ಚಿಗರಿ ಮರಿಯ ಫೋಟೋ. ಅದರ ಕೆಳಗೆ: ‘ಹೆತ್ತವಳಿಲ್ಲದ ಈ ಕಂದನಿಗೆ ತಾಯಿಯಾಗಿ! ದತ್ತು ಪಡೆಯಲು ಗಜೇಂದ್ರಗಡದ ನಮ್ಮ ಕಚೇರಿಗೆ ಬನ್ನಿ.’ ‘ದೇಣಿಗೆ’ ಎಂಬ ಮಾತು ಕಾವ್ಯಕ್ಕೆ ಭಂಗ ತರುತ್ತದೆಂದು ಬಿಟ್ಟೆ. ಬ್ಯಾನರು ರೋಣದ ಬಸ್‌ಸ್ಟ್ಯಾಂಡಿನಲ್ಲಿ ತೂಗಿತು. ರೋಣದಲ್ಲಿ ಕೆಲಸವೇನೂ ಇಲ್ಲದಿದ್ದರೂ ಬಸ್ಸು ಹತ್ತಿ ಹೋಗಿ ಓದಿ ಬರುತ್ತಿದ್ದೆ.

ಸೋಮವಾರ ಜಕ್ಕಲಿಯಿಂದ ಒಂದು ಟಂಟಂ ಆಟೋ ಬಂದು ಭಾಂಡೆ ಅಂಗಡಿಯ ಮುಂದೆ ನಿಂತಿತು. ಈರಪ್ಪ, ಅವನ ಹೆಂಡತಿ ಶಾಂತವ್ವ, ಈರಪ್ಪನ ಅಕ್ಕ, ಜೊತೆಗೆ ರುಮಾಲು ಸುತ್ತಿದ ಒಬ್ಬ ಹಿರಿಯರು. ದತ್ತು ಅಂದಮೇಲೆ ಹಿರಿಯರ ಸಾಕ್ಷಿ ಬೇಕಲ್ಲ! ಶಾಂತವ್ವ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಈರಪ್ಪನ ಕೈಯಲ್ಲಿ ಪೇಢೆಯ ಪೊಟ್ಟಣ.

“ಈಕಿ ಮೈದುನನ ಮಗನ್ನ ದತ್ತು ಕೇಳಿದ್ವ್ರಿ, ಒಲ್ಲೆವು ಅಂದ್ರು,” ಎಂದಳು ಅಕ್ಕ. “ನಿಮ್ಮ ಬ್ಯಾನರ್ ನೋಡಿದಾಗಿಂದ ಈಕಿ ನೆಲದ ಮ್ಯಾಲಿಲ್ಲ.”

ಶಾಂತವ್ವ ಚೀಲದಿಂದ ಹಾಲಿನ ಬಾಟಲಿ ತೆಗೆದಳು. ಆಮೇಲೆ ಒಂದು ಕುಂಚಿಗೆ ತೆಗೆದಳು. ಕೂಸುಗಳ ತಲೆಗೆ ಕಟ್ಟುತ್ತಾರಲ್ಲ, ಅದೇ. ಕೈಯಲ್ಲೇ ಹೊಲಿದದ್ದು.

“ಕಿವಿ ಉದ್ದ ಅದಾವಲ್ರಿ, ಅದಕ್ಕ ಎರಡೂ ಕಡೆ ತೂತು ಬಿಟ್ಟೇನಿ.”

ನಾನು ನಕ್ಕೆ. ನಕ್ಕವನು ನಾನೊಬ್ಬನೇ.

ಕಾಡುಪ್ರಾಣಿಯನ್ನು ಮನೆಯಲ್ಲಿ ಸಾಕುವುದು ಕಾಯ್ದೆಗೆ ವಿರುದ್ಧ, ದತ್ತು ಎಂದರೆ ಇಲ್ಲಿ ದೇಣಿಗೆ ಕೊಟ್ಟು ಫೋಟೋ ಒಯ್ಯುವುದು ಎಂದು ಸ್ನೇಹಾ ಮೆಲ್ಲಗೆ ತಿಳಿಸಿ ಹೇಳಿದಳು.

“ಮತ್ತ ತಾಯಿಯಾಗಿ ಅಂತ ಬರದ ಶಾಣ್ಯಾ ಯಾರು?” ಹಿರಿಯರು ಗುಡುಗಿದರು.

ಸ್ನೇಹಾ ನನ್ನ ಕಡೆ ನೋಡಲಿಲ್ಲ. ಅದು ಅವಳ ದೊಡ್ಡ ಗುಣ. ನಾನು ಕೆಳಗಿನ ಅಂಗಡಿಯ ಪಾತ್ರೆಗಳ ಸದ್ದನ್ನು ಶ್ರದ್ಧೆಯಿಂದ ಆಲಿಸಿದೆ.

“ಬ್ಯಾಡ ಬಿಡ್ರಿ, ಮನಿಗೆ ಒಯ್ಯೂದಿಲ್ಲ,” ಎಂದಳು ಶಾಂತವ್ವ. “ಒಮ್ಮೆ ಮಾರಿ ತೋರಸ್ರಿ. ಹಾಲು ಕುಡಿಸಿ ಹೋಗ್ತೀನಿ.”

ಮರಿ ಹಿಂದಿನ ದಿನ ದವಾಖಾನೆಯಲ್ಲಿ ಸತ್ತಿತ್ತು. ಸ್ನೇಹಾ ಈಗ ನನ್ನ ಕಡೆ ನೋಡಿದಳು.

“ಅದರ ತಾಯಿ ಸಿಕ್ತು, ತಂಗಿ,” ಎಂದೆ. “ಅದರ ಕೂಡ ಬಿಟ್ಟು ಬಂದ್ವಿ.”

“ಖರೇನ್ರಿ?”

“ಖರೇ.”

“ಹಾಲು ಕುಡೀತೇನ್ರಿ?”

“ಬಾಲ ಅಲ್ಲಾಡಿಸಿಕೋತ ಕುಡೀತು.”

ಬ್ಯಾನರಿನ ತರುವಾಯ ಇದು ನನ್ನ ಎರಡನೆಯ ಕೃತಿ. ಎರಡನ್ನೂ ಮನಸ್ಸಿಟ್ಟು ನಂಬಿದವಳು ಒಬ್ಬಳೇ.

ಶಾಂತವ್ವ ಹಾಲಿನ ಬಾಟಲಿಯ ಮುಚ್ಚಳ ಬಿಗಿ ಮಾಡಿದಳು. “ಹಡದಾಕಿ ಸಿಕ್ಕಳಂದ್ರ ಮುಗೀತು ಬಿಡ್ರಿ. ಚಲೋ ಆತು,” ಎಂದಳು. ಕುಂಚಿಗೆಯನ್ನು ಮಡಚಿದಳು, ಮತ್ತೆ ಮಡಚಿದಳು, ಇನ್ನು ಮಡಚಲು ಬಾರದಷ್ಟು ಸಣ್ಣದು ಮಾಡಿ ಚೀಲದ ತಳಕ್ಕೆ ಇಟ್ಟಳು. ಆಮೇಲೆ ಗಂಡನ ಕೈಯಿಂದ ಪೊಟ್ಟಣ ತೆಗೆದುಕೊಂಡು ನಮ್ಮ ಮುಂದೆ ಹಿಡಿದಳು.

“ತಗೋರಿ ಮಾಸ್ತರ. ತಂದ ಪೇಢೆ ಹೊಳ್ಳಿ ಒಯ್ಯಬಾರದ್ರಿ.”

ಬೇಡವೆನ್ನುವ ಧೈರ್ಯವಿರಲಿಲ್ಲ. ಎರಡು ತಿಂದೆ.

ಮರುದಿನ ಬ್ಯಾನರು ಇಳಿಸಿದೆವು. ಹೊಸದನ್ನೂ ನಾನೇ ಬರೆದೆ: ‘ವನ್ಯಜೀವಿ ಪ್ರಾಯೋಜಕತ್ವ ಯೋಜನೆ’. ಯಾರ ಮನಸ್ಸನ್ನೂ ನೋಯಿಸುವ ಒಂದಕ್ಷರವೂ ಅದರಲ್ಲಿಲ್ಲ. ಹೆಂಡತಿ ಓದಿ, “ಇದೇನ್ರಿ, ಸಿಮೆಂಟಿನ ಜಾಹೀರಾತೇನು?” ಎಂದಳು.

ಅದು ಮಳೆಗಾಲದವರೆಗೂ ಬಸ್‌ಸ್ಟ್ಯಾಂಡಿನಲ್ಲಿ ಇತ್ತು. ಒಬ್ಬರೂ ಬರಲಿಲ್ಲ.